ನೌಕರಿ ಸಿಕ್ಕ ಮೇಲಿನ ಖಾಲಿತನ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 29. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಐದು ವರ್ಷ ಓದಿ ಎಫ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕಿ) ಆದವರು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಿಗೆ ನಮ್ಮ ಬಳಿ ಆಪ್ತಸಲಹೆಗೆ ಬಂದರು. "ಲಿಸ್ಟ್‌ನ್ಯಾಗ ಹೆಸರು ನೋಡಿದ ಖುಷಿ ಒಂದು ವಾರ ಇತ್ತರಿ. ಈಗ ಮುಂಜಾನೆ ಏಳಾಕ ಕಾರಣಾನ ಇಲ್ಲ ಅನಸ್ತದ." ತಂದೆ ಕೇಳುತ್ತಿದ್ದರಂತೆ: "ಇನ್ನೇನ ಬೇಕವ್ವಾ ನಿನಗ? ನೌಕರಿ ಸಿಕ್ತಲ್ಲ." ಆ ಮಾತಿಗೆ ಉತ್ತರವಿಲ್ಲದ್ದರಿಂದ ತಪ್ಪಿತಸ್ಥ ಭಾವವೂ ಸೇರಿತ್ತು.

ಇಂಥವರು ಬಂದಾಗ ಗುರಿಯ ಮಾತು ಆಮೇಲೆ. ಮೊದಲು ಖಿನ್ನತೆ ಇದೆಯೇ ನೋಡಬೇಕು. ಖಿನ್ನತೆಯ ಲಕ್ಷಣ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 8 ಅಂಕ ಬಂತು. 10 ಅಥವಾ ಅದಕ್ಕಿಂತ ಹೆಚ್ಚು ಬಂದಿದ್ದರೆ ಅಥವಾ ಸಾವಿನ ಯೋಚನೆ ಕುರಿತ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆವು. ಸುಸ್ತು ಇದ್ದುದರಿಂದ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿದೆವು, ಎರಡೂ ಸರಿಯಿದ್ದವು. ರಾತ್ರಿ ತೀರಾ ಕಷ್ಟವಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆವು.

ಎರಡನೇ ಭೇಟಿಗೆ ಎರಡು ದಿನಗಳ ವರ್ಣನೆ ಬರೆದು ತರಲು ಹೇಳಿದೆವು: ಫಲಿತಾಂಶ ಬಂದ ದಿನ, ಮತ್ತು ಓದುತ್ತಿದ್ದ ಕಾಲದ ಯಾವುದಾದರೂ ಸಾದಾ ಮಂಗಳವಾರ. ಮೊದಲನೆಯದು ನಾಲ್ಕು ಸಾಲು. ಎರಡನೆಯದು ಎರಡೂವರೆ ಪುಟ. ಬೆಳಗ್ಗೆ ಐದಕ್ಕೆ ಲೈಬ್ರರಿಯ ಅದೇ ಕುರ್ಚಿ, ತಪ್ಪಾದ ಉತ್ತರಗಳಿಗೇ ಇಟ್ಟ ನೋಟ್‌ಬುಕ್, ಸಂಜೆ ಚಹಾ ಅಂಗಡಿ ಮುಂದೆ ನಾಲ್ವರು ಗೆಳತಿಯರ ಪ್ರಶ್ನೋತ್ತರ, ಮೆಂಟಲ್ ಎಬಿಲಿಟಿ ಹೇಳಿಸಿಕೊಳ್ಳಲು ಬರುತ್ತಿದ್ದ ಜೂನಿಯರ್‌ಗಳು. ನಿನ್ನೆಗಿಂತ ಇಂದು ಎಷ್ಟು ಮುಂದೆ ಬಂದೆ ಎಂಬುದು ದಿನವೂ ಕಾಣುತ್ತಿತ್ತು. ಟಪಾಲು, ಕಡತಗಳ ನಡುವೆ ಅದು ಕಾಣುವುದಿಲ್ಲ. ಅವರನ್ನು ಐದು ವರ್ಷ ಕುಸಿಯದಂತೆ ಹಿಡಿದಿಟ್ಟದ್ದು ಈ ದಿನಚರಿ. ನೌಕರಿ ಬಂದಾಗ ಅದು ಒಂದೇ ದಿನಕ್ಕೆ ಕಳಚಿಬಿತ್ತು.

ಮನೆಯವರ ಪರಿಹಾರ ಇನ್ನೊಂದು ಪರೀಕ್ಷೆ, ಕೆಎಎಸ್ (ಕರ್ನಾಟಕ ಆಡಳಿತ ಸೇವೆ). ಅದನ್ನು ಆರು ತಿಂಗಳು ಮುಂದೂಡಲು ಕೇಳಿದೆವು. ಖಾಲಿತನ ತುಂಬಲೆಂದೇ ಇನ್ನೊಂದು ಪರೀಕ್ಷೆ ಹಿಡಿದವರು, ಅದೂ ಪಾಸಾದ ಮೇಲೆ ಇದೇ ಜಾಗಕ್ಕೆ ಮರಳುವ ಸಂಭವ ಹೆಚ್ಚು.

ಒಂದು ವಾರ ಗಂಟೆಗಂಟೆಯ ಪಟ್ಟಿ ಬರೆಯಿಸಿದೆವು. ಪ್ರತಿ ಕೆಲಸದ ಮುಂದೆ 'ಖುಷಿ' ಎಷ್ಟು, 'ಮಾಡಿದೆನೆಂಬ ತೃಪ್ತಿ' ಎಷ್ಟು ಎಂದು 0ರಿಂದ 10ರೊಳಗೆ ಅಂಕ. ಆಗಿಂದಾಗಲೇ ಬರೆಯಬೇಕು, ರಾತ್ರಿ ಕೂತು ಬರೆದರೆ ಆ ಹೊತ್ತಿನ ಬೇಸರ ಇಡೀ ದಿನಕ್ಕೆ ಬಳಿದುಕೊಳ್ಳುತ್ತದೆ. ಹೆಚ್ಚಿನವು 2–3. ತಂಗಿಗೆ ಲೆಕ್ಕ ಹೇಳಿಕೊಟ್ಟ ಅರ್ಧ ಗಂಟೆಗೆ ಮಾತ್ರ 8.

ಅಲ್ಲಿಂದ ಹಿಡಿದೆವು. ಭಾನುವಾರ ಒಂದು ಗಂಟೆ ಇಬ್ಬರು ಜೂನಿಯರ್‌ಗಳಿಗೆ ಫೋನಿನಲ್ಲಿ ಪಾಠ. ದಿನವೂ ಸಂಜೆ 45 ನಿಮಿಷ, ಪರೀಕ್ಷೆಗೆ ಬಾರದ ಓದು. ಅವರೇ ಆರಿಸಿಕೊಂಡದ್ದು ಹಳಗನ್ನಡ ಶಾಸನ. ಗದಗ ಬಳಿಯ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯ ಶಾಸನದ ಬಗ್ಗೆ ಪರೀಕ್ಷೆಯಲ್ಲಿ ಲಕ್ಕುಂಡಿ, ಅತ್ತಿಮಬ್ಬೆ, 1007 ಎಂದು ಉತ್ತರಕ್ಕೆ ಟಿಕ್ ಹಾಕಿದ್ದರೇ ಹೊರತು ಆ ಶಾಸನದ ಒಂದು ಸಾಲನ್ನೂ ಓದಿರಲಿಲ್ಲ.

ಮೂರನೇ ವಾರ ಎಡವಿದರು. ದಿನಕ್ಕೆ ಹತ್ತು ಸಾಲು ಎಂದು ತಾವೇ ಟಾರ್ಗೆಟ್ ಹಾಕಿಕೊಂಡು, ಎರಡು ದಿನ ತಪ್ಪಿದ್ದಕ್ಕೆ ಪೂರ್ತಿ ಬಿಟ್ಟರು. ವರ್ಷಗಟ್ಟಲೆ ಅಂಕಕ್ಕಾಗಿ ಓದಿದ ಮನಸ್ಸಿಗೆ ಇದು ಸಹಜ. ನಿಯಮ ಬದಲಿಸಿದೆವು: ಸಮಯ ನಿಗದಿ, ಸಾಲುಗಳ ಲೆಕ್ಕವಿಲ್ಲ. ಅರ್ಥ ಬಿಡಿಸುತ್ತಿರುವ ಸಾಲಿನ ನಡುವೆಯೇ ಪುಸ್ತಕ ಮುಚ್ಚುವುದು, ನಾಳೆ ಎಲ್ಲಿಂದ ಶುರು ಎಂಬ ಗೊಂದಲ ಇರದ ಹಾಗೆ. ತಪ್ಪಿದ ದಿನವನ್ನು ಮರುದಿನ ತುಂಬಿಸುವಂತಿಲ್ಲ.

ಆರನೇ ಭೇಟಿಗೆ ಪಿಎಚ್‌ಕ್ಯೂ-9 ಅಂಕ 4ಕ್ಕೆ ಇಳಿದಿತ್ತು. ಕೆಎಎಸ್ ಬಗ್ಗೆ ಒಂದು ಪ್ರಶ್ನೆ ಕೊಟ್ಟು ಕಳಿಸಿದೆವು: ಆಯ್ಕೆಯಾಗುವುದಿಲ್ಲ ಎಂದು ಈಗಲೇ ಗೊತ್ತಿದ್ದರೂ ಆ ಓದಿನ ದಿನಗಳು ಬೇಕೇ? ಇತಿಹಾಸಕ್ಕೆ ಹೌದು, ಉಳಿದದ್ದಕ್ಕೆ ಇನ್ನೂ ಗೊತ್ತಿಲ್ಲ ಎಂದಿದ್ದಾರೆ. ಆ ತಿಂಗಳ ಕೊನೆಗೆ ತಂಗಿಯನ್ನು ಕರೆದುಕೊಂಡು ಲಕ್ಕುಂಡಿಗೆ ಹೋಗುವವರಿದ್ದರು.