ಮಗನನ್ನು ಒಂದು ವರ್ಷ ತಡೆದು ಶಾಲೆಗೆ ಸೇರಿಸಬೇಕೇ?

ಪ್ರಶ್ನೆ: ನಾವು ಟೆಕ್ಸಾಸ್‌ನ ಡಲ್ಲಾಸ್ ಬಳಿ ನೆಲೆಸಿದ್ದೇವೆ. ಬರುವ ಆಗಸ್ಟ್ ಕೊನೆಯ ವಾರದಲ್ಲಿ ಮಗನಿಗೆ ಐದು ತುಂಬುತ್ತದೆ. ಈಗಲೇ ಚಿಕ್ಕ ಕಥೆಪುಸ್ತಕಗಳನ್ನು ತಾನೇ ಓದುತ್ತಾನೆ, ಕೂಡುವ ಕಳೆಯುವ ಲೆಕ್ಕ ಮಾಡುತ್ತಾನೆ. ಆದರೂ ಒಂದು ವರ್ಷ ತಡೆದು ಕಿಂಡರ್‌ಗಾರ್ಟನ್‌ಗೆ ಸೇರಿಸಿದರೆ ತರಗತಿಯಲ್ಲಿ ದೊಡ್ಡವನಾಗಿ, ಪ್ರತಿಭಾವಂತ ಮಕ್ಕಳಿಗೆಂದು ಶಾಲೆಗಳು ನಡೆಸುವ ಗಿಫ್ಟೆಡ್ ಕಾರ್ಯಕ್ರಮಕ್ಕೆ ಸುಲಭವಾಗಿ ಆಯ್ಕೆಯಾಗುತ್ತಾನೆ ಎಂದು ನನ್ನ ಪತಿ ಹಟ ಹಿಡಿದಿದ್ದಾರೆ. ಪರಿಚಯದ ಕೆಲವು ಕನ್ನಡ ಕುಟುಂಬಗಳು ಹೀಗೆಯೇ ಮಾಡಿವೆ. ಪತಿ ದಿನವೂ ಸಂಜೆ ಮಗನಿಂದ ಆ ಕಾರ್ಯಕ್ರಮದ ಆಯ್ಕೆ ಪರೀಕ್ಷೆಯ ಅಭ್ಯಾಸ ಪುಸ್ತಕ ಮಾಡಿಸುತ್ತಾರೆ. ಪುಸ್ತಕ ತೆರೆದೊಡನೆ ಮಗ ಉಗುರು ಕಚ್ಚತೊಡಗುತ್ತಾನೆ. ಏನು ಮಾಡಲಿ?
– ಹೆಸರು ಬೇಡ

ಸಹೋದರಿ, ನೀವು ಬರೆದಷ್ಟರಿಂದ ಹೇಳುವುದಾದರೆ, ಈ ಮಗುವನ್ನು ತಡೆದು ನಿಲ್ಲಿಸಲು ನನಗೆ ಕಾರಣ ಕಾಣುತ್ತಿಲ್ಲ.

ಹಾಗೆಂದು ನಿಮ್ಮ ಪತಿಯ ಆತಂಕ ಹುಸಿಯಲ್ಲ. ಟೆಕ್ಸಾಸ್‌ನಲ್ಲಿ ಸೆಪ್ಟೆಂಬರ್ 1ಕ್ಕೆ ಐದು ತುಂಬಿರಬೇಕೆಂಬ ನಿಯಮವಿರುವುದರಿಂದ ಆಗಸ್ಟ್‌ನಲ್ಲಿ ಹುಟ್ಟಿದ ಮಗು ತರಗತಿಯ ಅತಿ ಕಿರಿಯರಲ್ಲಿ ಒಬ್ಬನಾಗುತ್ತದೆ. ಇಂಥದ್ದೇ ನಿಯಮವಿರುವ ಅಮೆರಿಕದ ರಾಜ್ಯಗಳಲ್ಲಿ, ಆಗಸ್ಟ್‌ನಲ್ಲಿ ಹುಟ್ಟಿದ ಮಕ್ಕಳಿಗೆ ಸೆಪ್ಟೆಂಬರ್‌ನಲ್ಲಿ ಹುಟ್ಟಿದವರಿಗಿಂತ ಶೇ. 34ರಷ್ಟು ಹೆಚ್ಚಾಗಿ ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ಸಮಸ್ಯೆ) ಇದೆಯೆಂದು ಗುರುತಿಸಲಾಗಿದೆ ಎಂಬುದನ್ನು 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಅಧ್ಯಯನ ತೋರಿಸಿತು. ವಯಸ್ಸಿಗೆ ಸಹಜವಾದ ಚಡಪಡಿಕೆಯೂ ದೊಡ್ಡ ಮಕ್ಕಳ ನಡುವೆ ದೋಷವಾಗಿ ಕಾಣಬಲ್ಲದು. ಮಾತು ತಡವಾದ, ಅವಧಿಗೆ ಮುನ್ನ ಹುಟ್ಟಿದ, ಅಥವಾ ಅಮ್ಮನನ್ನು ಬಿಟ್ಟು ಅರ್ಧ ದಿನವೂ ಇರಲಾರದ ಮಗುವಾಗಿದ್ದರೆ ಕಾಯಿರಿ ಎಂದು ನಾನೇ ಹೇಳುತ್ತಿದ್ದೆ.

ಆದರೆ ಗಿಫ್ಟೆಡ್ ಪರೀಕ್ಷೆಗಾಗಿ ಕಾಯುವ ಲೆಕ್ಕ ಬಹುಮಟ್ಟಿಗೆ ತಪ್ಪು. ಅಮೆರಿಕದ ಅನೇಕ ಶಾಲಾ ಜಿಲ್ಲೆಗಳು (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ ಘಟಕಗಳು) ಬಳಸುವ ಕಾಗ್ಯಾಟ್ ಎಂಬ ತರ್ಕಶಕ್ತಿಯ ಪರೀಕ್ಷೆಯಲ್ಲಿ ಮಗುವಿನ ಉತ್ತರಗಳನ್ನು ಅದೇ ವಯಸ್ಸಿನ ಮಕ್ಕಳ ಉತ್ತರಗಳೊಂದಿಗೆ ಹೋಲಿಸಿಯೇ ವಯೋಮಾನದ ಅಂಕ ಕೊಡುತ್ತಾರೆ. ಒಂದು ವರ್ಷ ತಡೆದರೆ ನಿಮ್ಮ ಮಗನನ್ನು ಅವನಷ್ಟೇ ದೊಡ್ಡವರಾದ ಮಕ್ಕಳೊಂದಿಗೆ ತೂಗುತ್ತಾರೆಯೇ ಹೊರತು ಕಿರಿಯರೊಂದಿಗಲ್ಲ. ತರಗತಿವಾರು ಅಂಕವೂ ಇದೆ, ಶಿಕ್ಷಕರ ಅಭಿಪ್ರಾಯವನ್ನು ಕೇಳುವುದೂ ಇದೆ. ಅಲ್ಲಿ ವಯಸ್ಸು ಸ್ವಲ್ಪ ನೆರವಾಗಬಹುದು. ನಿಮ್ಮ ಜಿಲ್ಲೆ ಯಾವುದನ್ನು ಗಣಿಸುತ್ತದೆ ಎಂದು ಕೇಳಿ ತಿಳಿಯಿರಿ. ಅಲ್ಲದೆ ಟೆಕ್ಸಾಸ್ ಕಾನೂನಿನಂತೆ ಪ್ರತಿ ಜಿಲ್ಲೆಯೂ ಎಲ್ಲ ತರಗತಿಗಳಲ್ಲಿ ಈ ಕಾರ್ಯಕ್ರಮ ನಡೆಸಬೇಕು. ಕಿಂಡರ್‌ಗಾರ್ಟನ್‌ನಲ್ಲಿ ಆಯ್ಕೆಯಾಗದಿದ್ದರೆ ಎಲ್ಲವೂ ಮುಗಿಯಿತು ಎಂಬ ಭಯಕ್ಕೆ ಆಧಾರವಿಲ್ಲ.

ಇನ್ನು, ಈಗಾಗಲೇ ಓದುವ ಮಗುವನ್ನು ಇನ್ನೊಂದು ವರ್ಷ ನಿಲ್ಲಿಸಿ, ಆರು ತುಂಬಿದ ಮೇಲೆ ಅಕ್ಷರ ಕಲಿಸುವ ತರಗತಿಯಲ್ಲಿ ಕೂರಿಸಿದರೆ ಅವನಿಗೆ ಸಿಗುವುದು ಬೇಸರವೇ. ಹೆಚ್ಚಿನ ಸವಾಲು ಬೇಕಾದ ಮಕ್ಕಳಿಗೆಂದು ಮಾಡಿದ ಕಾರ್ಯಕ್ರಮವನ್ನು ತಲುಪಲು ಸವಾಲನ್ನೇ ಒಂದು ವರ್ಷ ಕಿತ್ತುಕೊಳ್ಳುವುದು ನನಗೆ ಅನ್ಯಾಯವೆನಿಸುತ್ತದೆ. ಬೇರೆ ಮನೆಗಳಲ್ಲಿ ಏನು ಮಾಡಿದರು ಎಂಬುದರ ಮೇಲೆ ಇದನ್ನು ತೀರ್ಮಾನಿಸಲಾಗದು. ಆ ಮಕ್ಕಳ ಅಗತ್ಯ ಬೇರೆ ಇದ್ದಿರಬಹುದು.

ನನ್ನನ್ನು ನಿಜವಾಗಿ ಕಾಡಿದ್ದು ಉಗುರು ಕಚ್ಚುವ ಮಾತು. ಐದೂ ತುಂಬದ ಮಗುವಿಗೆ ಅಪ್ಪನ ಜೊತೆಗಿನ ಸಂಜೆಯೇ ಪರೀಕ್ಷೆಯಾಗಿಬಿಟ್ಟಿದೆ. ಆ ಪುಸ್ತಕವನ್ನು ಇಂದೇ ಎತ್ತಿಡಿ, ಆದರೆ ಸಂಜೆಯ ಆ ಹೊತ್ತನ್ನು ತಂದೆಯಿಂದ ಕಸಿಯಬೇಡಿ. ಮಗ ಆರಿಸಿದ ಕಥೆಯನ್ನು ಇಬ್ಬರೂ ಕೂಡಿ ಓದಲಿ. ಪತಿಯೊಂದಿಗೆ ವಾದಕ್ಕಿಳಿಯುವ ಬದಲು ಇಬ್ಬರೂ ಒಟ್ಟಿಗೆ ಪ್ರೀ-ಕೆ (ಕಿಂಡರ್‌ಗಾರ್ಟನ್‌ಗೆ ಮುಂಚಿನ ತರಗತಿ) ಶಿಕ್ಷಕಿಯನ್ನು ಕಂಡು, ಮಗ ಗುಂಪಿನಲ್ಲಿ ಹೇಗೆ ಬೆರೆಯುತ್ತಾನೆ, ತನಗೆ ಬೇಕಾದುದನ್ನು ಬಾಯಿಬಿಟ್ಟು ಕೇಳುತ್ತಾನೆಯೇ, ಸೋತಾಗ ಎಷ್ಟು ಬೇಗ ಚೇತರಿಸಿಕೊಳ್ಳುತ್ತಾನೆ ಎಂದು ವಿಚಾರಿಸಿ. ಅವರು ಸ್ಪಷ್ಟ ಕಾರಣ ಕೊಟ್ಟು ಕಾಯಲು ಹೇಳಿದರೆ ನನ್ನ ಸಲಹೆಯನ್ನು ಬದಿಗಿಟ್ಟು ಅವರ ಮಾತು ಕೇಳಿ. ಆಗ ಮಾತ್ರ, ಆರು ತುಂಬಿದ ಮಗುವನ್ನು ನೇರವಾಗಿ ಒಂದನೇ ತರಗತಿಗೆ ಹಾಕುವುದಿಲ್ಲ ಎಂದು ಶಾಲೆಯಿಂದ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ಅಂಥ ಕಾರಣವಿಲ್ಲದಿದ್ದರೆ ಈ ಆಗಸ್ಟ್‌ನಲ್ಲೇ ಸೇರಿಸಿ.