ದೊಡ್ಡ ಅಕ್ವೇರಿಯಂನಲ್ಲಿ ಒಮ್ಮೆಗೆ ಎಷ್ಟು ನೀರು ಬದಲಾಯಿಸಬಹುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಇಟ್ಟಿದ್ದೀರಿ, ಒಳಗೆ ಆಸ್ಕರ್ ಮೀನುಗಳು. ತಿಂಗಳುಗಟ್ಟಲೆ ಆವಿಯಾದಷ್ಟು ನೀರನ್ನು ಮಾತ್ರ ತುಂಬಿಸುತ್ತಾ ಬಂದಿರಿ, ಮೀನು ಆರಾಮಾಗಿದ್ದವು. ಮೊನ್ನೆ ಅರ್ಧ ನೀರು ತೆಗೆದು ಹೊಸದು ಹಾಕಿದಿರಿ. ರಾತ್ರಿಯೊಳಗೆ ಎಲ್ಲವೂ ಮೇಲೆ ಬಂದು ಬಾಯಿ ಬಿಡತೊಡಗಿದವು, ಒಂದು ಸತ್ತೇಹೋಯಿತು. ಅಂಗಡಿಯವರು "10 ಪರ್ಸೆಂಟ್‌ಗಿಂತ ಜಾಸ್ತಿ ಬದಲಾಯಿಸಲೇಬಾರದು" ಅಂದಿದ್ದಾರೆ. ಅದು ಸರಿಯಾ ಅಂತ ಕೇಳಿದ್ದೀರಿ.

ಸರಿಯಲ್ಲ. ನಾನೂ ಇದೇ ಅಳತೆಯ ಟ್ಯಾಂಕ್ ಸಾಕುತ್ತಿದ್ದೇನೆ, ವಾರಕ್ಕೊಮ್ಮೆ ಸುಮಾರು ಅರ್ಧ ನೀರು ಬದಲಾಯಿಸುತ್ತೇನೆ. ಮೀನಿಗೆ ತೊಂದರೆ ಕೊಡುವುದು ತೆಗೆದ ನೀರಿನ ಪ್ರಮಾಣ ಅಲ್ಲ. ಹಳೇ ನೀರಿಗೂ ಹೊಸ ನೀರಿಗೂ ಇರುವ ವ್ಯತ್ಯಾಸ. ತಿಂಗಳುಗಟ್ಟಲೆ ಬಿಟ್ಟ ಟ್ಯಾಂಕ್‌ನಲ್ಲಿ ಆ ವ್ಯತ್ಯಾಸ ತುಂಬಾ ದೊಡ್ಡದಾಗಿರುತ್ತದೆ.

ಒಳಗೆ ಆಗುವುದು ಇದು. ಮೀನಿನ ಹೇಲು, ಉಳಿದ ಆಹಾರ, ಕಿವಿರಿನಿಂದ ಹೊರಬರುವ ತ್ಯಾಜ್ಯ ಎಲ್ಲದರಿಂದ ಅಮೋನಿಯಾ ಬರುತ್ತದೆ. ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ನೀರಿನ ಕೆಎಚ್, ಅಂದರೆ ಪಿಎಚ್ ಬೀಳದಂತೆ ತಡೆಯುವ ಕಾರ್ಬೊನೇಟ್ ಅಂಶ, ಸ್ವಲ್ಪ ಸ್ವಲ್ಪವೇ ಖರ್ಚಾಗುತ್ತದೆ. ಹೊಸ ನೀರು ಸಾಕಷ್ಟು ಬರದಿದ್ದರೆ ಒಂದು ದಿನ ಅದು ಮುಗಿಯುತ್ತದೆ. ಆಗ ಪಿಎಚ್ 6ರ ಹತ್ತಿರ ಅಥವಾ ಅದಕ್ಕಿಂತ ಕೆಳಗೆ ಇಳಿಯುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಧಾನವಾಗುತ್ತದೆ, ಅಮೋನಿಯಾ ಸೇರುತ್ತಾ ಹೋಗುತ್ತದೆ.

ಆದರೂ ಮೀನು ಸಾಯುವುದಿಲ್ಲ. ಪಿಎಚ್ ಕಡಿಮೆ ಇದ್ದಾಗ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದರ ವಿಷ ತೀರಾ ಕಡಿಮೆ. ಅದಕ್ಕೇ ನಿಮ್ಮ ಆಸ್ಕರ್‌ಗಳು ಆರಾಮಾಗಿ ಕಂಡವು. ಈಗ ಪಿಎಚ್ 8ರ ಬೋರ್‌ವೆಲ್ ನೀರು ಅರ್ಧ ಟ್ಯಾಂಕ್ ಸುರಿದರೆ ಲೆಕ್ಕ ತಿರುಗಿಬೀಳುತ್ತದೆ, ಅಮೋನಿಯಂನ ಒಂದು ಪಾಲು ಮತ್ತೆ ವಿಷದ ಅಮೋನಿಯಾ ಆಗುತ್ತದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ 1ಕ್ಕಿಂತ ಕಡಿಮೆ. ಪಿಎಚ್ 8ರಲ್ಲಿ ಅದು ಶೇ 5 ದಾಟುತ್ತದೆ. ಪಿಎಚ್ 6ರಿಂದ 8ಕ್ಕೆ ಹೋದರೆ ಹತ್ತಿರಹತ್ತಿರ ನೂರು ಪಟ್ಟು ಏರಿದಂತೆ. ನೀರು ಅರ್ಧ ಹೊಸದಾಯಿತು, ವಿಷ ಮಾತ್ರ ಹೆಚ್ಚಾಯಿತು. ನೀವು ಬರೆದ ಲಕ್ಷಣಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಹೊಸ ನೀರಿನಲ್ಲಿ ಕ್ಲೋರಿನ್ ಇದ್ದರೂ ಮೀನು ಹೀಗೇ ಬಾಯಿ ಬಿಡುತ್ತವೆ, ಅದರ ವಿಷಯ ಮುಂದೆ ಹೇಳುತ್ತೇನೆ.

ಇನ್ನು ಆ 10 ಪರ್ಸೆಂಟ್ ಮಾತು. ನಿಮ್ಮ ಟ್ಯಾಂಕ್‌ನಲ್ಲಿ ವಾರಕ್ಕೆ 10 ಪಿಪಿಎಂ (ಲೀಟರ್‌ಗೆ 10 ಮಿಲಿಗ್ರಾಂ) ನೈಟ್ರೇಟ್ ಹುಟ್ಟುತ್ತದೆ, ಹೊಸ ನೀರಿನಲ್ಲಿ ನೈಟ್ರೇಟ್ ಇಲ್ಲ ಅಂತ ಇಟ್ಟುಕೊಳ್ಳಿ. ವಾರವಾರ 10 ಪರ್ಸೆಂಟ್ ಬದಲಾಯಿಸುತ್ತಾ ಹೋದರೆ ನೈಟ್ರೇಟ್ ಏರುತ್ತಾ ಏರುತ್ತಾ 100 ಪಿಪಿಎಂಗೆ ಹೋಗಿ ನಿಲ್ಲುತ್ತದೆ. 25 ಪರ್ಸೆಂಟ್ ಆದರೆ 40ಕ್ಕೆ ನಿಲ್ಲುತ್ತದೆ, 50 ಪರ್ಸೆಂಟ್ ಆದರೆ 20ಕ್ಕೆ. ಕಾಗದದ ಮೇಲೆ ನೀವೇ ಹಾಕಿ ನೋಡಿ. ಆಸ್ಕರ್‌ನಂಥ ಹೊಟ್ಟೆಬಾಕ ಮೀನಿಗೆ 10 ಪರ್ಸೆಂಟ್ ಸಾಲುವುದೇ ಇಲ್ಲ. ವಾರವಾರ ಧಾರಾಳವಾಗಿ ಬದಲಾಯಿಸುವವರ ಟ್ಯಾಂಕ್ ನೀರು ನಲ್ಲಿ ನೀರಿಗೆ ಹತ್ತಿರವಾಗಿಯೇ ಇರುತ್ತದೆ, ಅದಕ್ಕೇ ಅವರಿಗೆ ಅರ್ಧ ಬದಲಾಯಿಸಿದರೂ ಏನೂ ಆಗುವುದಿಲ್ಲ.

ಲೆಕ್ಕ ಹಿಡಿಯುವುದು ಸುಲಭ. ನಿಮ್ಮ ಟ್ಯಾಂಕ್‌ನಲ್ಲಿ ಒಂದು ಇಂಚು ನೀರು ಅಂದರೆ ಒಂದು ಘನ ಅಡಿ, ಸುಮಾರು 28 ಲೀಟರ್. ಆರು ಇಂಚು ಇಳಿಸಿದರೆ ಕಾಲು ಭಾಗ, 170 ಲೀಟರ್. ಗಾಜಿನ ಪಕ್ಕದಲ್ಲಿ ಟೇಪ್ ಅಂಟಿಸಿ ಗುರುತು ಹಾಕಿಬಿಡಿ.

ನೀರಿನ ಮೂಲದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಊರಿನ ನಿಜವಾದ ತೊಂದರೆ ಇರುವುದು ಅಲ್ಲೇ. ಅಪಾರ್ಟ್‌ಮೆಂಟ್ ಸಂಪ್‌ನಲ್ಲಿ ಒಂದು ದಿನ ಕಾವೇರಿ ನೀರು, ಇನ್ನೊಂದು ದಿನ ಬೋರ್, ಬೇಸಿಗೆಯಲ್ಲಿ ಟ್ಯಾಂಕರ್. ನಲ್ಲಿ ಒಂದೇ, ನೀರು ಒಂದೇ ಅಲ್ಲ. ಕಾವೇರಿ ನೀರು ಮೆದು, ಆದರೆ ಕ್ಲೋರಿನ್ ಇರುತ್ತದೆ. ಬೋರ್ ನೀರು ಸಾಮಾನ್ಯವಾಗಿ ಗಡಸು, ಕೆಲವು ಕಡೆ ಅದರಲ್ಲೇ ನೈಟ್ರೇಟ್ ಇರುತ್ತದೆ. ಆಗಷ್ಟೇ ಮೇಲೆತ್ತಿದ ಬೋರ್ ನೀರಿನಲ್ಲಿ ಆಕ್ಸಿಜನ್ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಸಾಫ್ಟನರ್ ಹಾಕಿದ್ದರೆ ಕ್ಯಾಲ್ಸಿಯಂ ಹೋಗಿ ಸೋಡಿಯಂ ಬಂದಿರುತ್ತದೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಅಳತೆ, ಅದರಿಂದ ಇಳಿಯುವುದಿಲ್ಲ. ಸಂಪ್ ತೊಳೆದ ದಿನ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ, ಆ ದಿನ ಮತ್ತು ಮರುದಿನ ನಾನು ಟ್ಯಾಂಕ್ ಮುಟ್ಟುವುದೇ ಇಲ್ಲ. ಮೇಂಟೆನೆನ್ಸ್‌ನವರ ಹತ್ತಿರ ಸಂಪ್ ಕ್ಲೀನಿಂಗ್ ಯಾವಾಗ ಅಂತ ಕೇಳಿ ಇಟ್ಟುಕೊಳ್ಳಿ.

ಅದಕ್ಕೇ ಒಂದು ಟಿಡಿಎಸ್ ಪೆನ್ ಮತ್ತು ಹನಿ ಹಾಕಿ ನೋಡುವ ಪಿಎಚ್, ಕೆಎಚ್, ಅಮೋನಿಯಾ, ನೈಟ್ರೇಟ್ ಟೆಸ್ಟ್ ಕಿಟ್ ತೆಗೆದುಕೊಳ್ಳಿ. ಹಳೇ ನೀರು, ಹೊಸ ನೀರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಸ ನೀರನ್ನು ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಹಾಕಿ ಒಂದು ದಿನ ಬಿಟ್ಟ ಮೇಲೆ ಪಿಎಚ್ ನೋಡಬೇಕು. ಬೋರ್ ನೀರಿನ ಪಿಎಚ್ ಗಾಳಿ ತಾಗಿದ ಮೇಲೆ ಏರುತ್ತದೆ.

ಜಾಗ ಇದ್ದರೆ 200 ಲೀಟರ್‌ನ ಹೊಸ ಡ್ರಮ್ ಇಡಿ. ಹಳೇ ಕೆಮಿಕಲ್ ಡ್ರಮ್ ಎಷ್ಟು ತೊಳೆದರೂ ಬೇಡ. ಒಂದು ದಿನ ಗಾಳಿ ಹಾಯಿಸಿದರೆ ಕ್ಲೋರಿನ್ ಹೋಗುತ್ತದೆ, ಕ್ಲೋರಿನ್‌ಗೆ ಅಮೋನಿಯಾ ಸೇರಿದ ಕ್ಲೋರಮೈನ್ ಇದ್ದರೆ ಹೋಗುವುದಿಲ್ಲ. ಹಾಗಾಗಿ ಡಿಕ್ಲೋರಿನೇಟರ್, ಅಂದರೆ ಕ್ಲೋರಿನ್ ತೆಗೆಯುವ ಮದ್ದು, ಹಾಕುವುದೇ ಒಳ್ಳೆಯದು. ಪೈಪಿನಿಂದ ನೇರವಾಗಿ ಟ್ಯಾಂಕ್‌ಗೆ ತುಂಬಿಸುವುದಾದರೆ ಇಡೀ ಟ್ಯಾಂಕ್‌ನ ಲೀಟರ್ ಲೆಕ್ಕಕ್ಕೆ ಮದ್ದು ಹಾಕಿ, ನೀರು ಬಿಡುವ ಮೊದಲೇ ಹಾಕಿ. ಉಷ್ಣತೆಯಲ್ಲಿ ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಏಪ್ರಿಲ್ ಮಧ್ಯಾಹ್ನ ತಾರಸಿ ಟ್ಯಾಂಕಿನ ನೀರು ಮುಟ್ಟಿದರೇ ಬಿಸಿ ಇರುತ್ತದೆ, ಡಿಸೆಂಬರ್ ಬೆಳಿಗ್ಗೆ ತಣ್ಣಗೆ ಕೊರೆಯುತ್ತದೆ. ಥರ್ಮಾಮೀಟರ್ ಹಾಕಿ ನೋಡಿಯೇ ಬಿಡಿ.

ಈಗ ಕರೆಂಟ್ ವಿಷಯ, ಇದರಲ್ಲಿ ದಯವಿಟ್ಟು ಸಡಿಲ ಬಿಡಬೇಡಿ. ಕೈ ಹಾಕುವ ಮೊದಲು ಹೀಟರ್, ಫಿಲ್ಟರ್, ಲೈಟ್ ಎಲ್ಲದರ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕೆಲಸ ಮಾಡುತ್ತಿರುವ ಹೀಟರ್ ನೀರಿನಿಂದ ಹೊರಬಂದರೆ ಗಾಜು ಒಡೆಯಬಹುದು, ಆಮೇಲೆ ಆ ನೀರಿಗೆ 230 ವೋಲ್ಟ್. ಟ್ಯಾಂಕ್ ಇರುವ ಲೈನ್‌ಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ವೈರ್‌ಗಳು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಬೇಕು, ಆಗ ಹನಿ ನೀರು ಸಾಕೆಟ್ ಸೇರುವುದಿಲ್ಲ.

ಡ್ರಮ್‌ನಿಂದ ಪಂಪ್ ಮಾಡುವಾಗ ಪೈಪಿನ ತುದಿ ಟ್ಯಾಂಕ್ ನೀರಿನಲ್ಲಿ ಮುಳುಗಿರಬಾರದು. ಮಧ್ಯದಲ್ಲಿ ಕರೆಂಟ್ ಹೋದರೆ ನೀರು ಅದೇ ಪೈಪಿನಲ್ಲಿ ತಿರುಗಿ ಹರಿದು ಡ್ರಮ್ ತುಂಬಿ ಮನೆಯೆಲ್ಲಾ ನೀರಾಗುತ್ತದೆ. ತುದಿಯನ್ನು ನೀರಿನ ಮೇಲೆ ಕ್ಲಿಪ್ ಹಾಕಿ ನಿಲ್ಲಿಸಿ. ಪೈಪ್ ಬಿಟ್ಟು ಬೇರೆ ಕೋಣೆಗೆ ಹೋಗಬೇಡಿ, ಫೋನ್ ಬಂದರೂ ಹೋಗಬೇಡಿ. ಕೊಳೆ ಎಳೆಯುವ ಸೈಫನ್ ಅನ್ನು ಬಾಯಿಂದ ಎಳೆಯಬೇಡಿ.

ಫಿಲ್ಟರ್ ಅನ್ನು ಅದೇ ದಿನ ತೊಳೆಯುವುದು ಬೇಡ. ಬೇರೆ ದಿನ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಸ್ಪಂಜ್ ಹಿಂಡಿದರೆ ಸಾಕು. ಪ್ರತಿ ಸಲ ಉಪ್ಪು, ನೀಲಿ ಔಷಧಿ ಸುರಿಯುವ ಅಗತ್ಯವೂ ಇಲ್ಲ.

ನಿಮ್ಮ ಟ್ಯಾಂಕ್‌ಗೆ ಈಗ ಏನು ಮಾಡಬೇಕು? ಮೊದಲು ಅಮೋನಿಯಾ ಮತ್ತು ಪಿಎಚ್ ನೋಡಿ. ಅಮೋನಿಯಾ ಕಂಡರೆ ಅದನ್ನು ಕಟ್ಟಿಹಾಕುವ ಕಂಡೀಷನರ್ ಇಡೀ ಟ್ಯಾಂಕ್ ಲೆಕ್ಕಕ್ಕೆ ಹಾಕಿ, ಏರ್‌ಪಂಪ್ ಜೋರಾಗಿಡಿ, ಎರಡು ದಿನ ಊಟ ನಿಲ್ಲಿಸಿ. ಆಸ್ಕರ್ ಉಪವಾಸದಿಂದ ಸಾಯುವುದಿಲ್ಲ. ಆಮೇಲೆ ದಿನ ಬಿಟ್ಟು ದಿನ ಎರಡು ಇಂಚು, ಅಂದರೆ 56 ಲೀಟರ್‌ನಷ್ಟು, ನಿಧಾನವಾಗಿ ಬದಲಾಯಿಸಿ. ಅಂಗಡಿಯವರ ಆ ಸಣ್ಣ ಪ್ರಮಾಣ ಈ ಹಂತಕ್ಕೆ ಮಾತ್ರ ಸರಿಹೊಂದುತ್ತದೆ. ಟ್ಯಾಂಕ್‌ನ ಪಿಎಚ್, ಕೆಎಚ್, ಟಿಡಿಎಸ್ ಹೊಸ ನೀರಿನ ಹತ್ತಿರ ಬಂದ ಮೇಲೆ ವಾರಕ್ಕೆ ಆರು ಇಂಚಿಗೆ ಹೋಗಿ, ನೈಟ್ರೇಟ್ 40ರ ಕೆಳಗೆ ಇಳಿಯದಿದ್ದರೆ ಹನ್ನೆರಡು ಇಂಚಿಗೆ. ರೀಡಿಂಗ್ ಬಂದ ಮೇಲೆ ಇಲ್ಲೇ ಕೆಳಗೆ ಬರೆಯಿರಿ, ಬೋರ್ ನೀರಾ ಕಾವೇರಿ ನೀರಾ ಅನ್ನುವುದನ್ನೂ ಸೇರಿಸಿ, ನಾನು ನೋಡಿ ಹೇಳುತ್ತೇನೆ.