ಪೋರ್ಷನ್ ಮುಗಿಸೋ ಒತ್ತಡದ ನಡುವೆ ಒಂದು ವೀರಗಲ್ಲು

ಮೇಡಂ, ಎಂಟನೇ ತರಗತಿ ಮಕ್ಕಳಿಗೆ ಇತಿಹಾಸದಲ್ಲಿ ಆಧಾರ ನೋಡಿ ಯೋಚಿಸೋದನ್ನು ಕಲಿಸಬೇಕು, ಆದರೆ ಜೊತೆಗಿರುವ ಶಿಕ್ಷಕರು "ಮೊದಲು ಪೋರ್ಷನ್ ಮುಗಿಸಿ" ಅನ್ನುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನೂ ಆ ಒಂಟಿತನ ಅನುಭವಿಸಿದ್ದೇನೆ. ತುಂಬಾ ನೋವಾಗುತ್ತದೆ.

ಇಡೀ ಪಾಠಕ್ರಮ ಬದಲಿಸಲು ಹೋಗಬೇಡಿ. ಒಂದು ಪಾಠಕ್ಕೆ ಒಂದು ಪೀರಿಯಡ್, ಒಂದು ಆಧಾರ, ಅಷ್ಟೇ ಸಾಕು. ಗಂಗರ ಪಾಠ ಬಂದಾಗ ನಾನು ಬೇಗೂರಿನ ನಾಗೇಶ್ವರ ದೇವಸ್ಥಾನದ ಶಾಸನ ತೆಗೆದುಕೊಳ್ಳುತ್ತೇನೆ. ಸುಮಾರು ಕ್ರಿ.ಶ. 890ರದ್ದು, ಅದರಲ್ಲಿ 'ಬೆಂಗಳೂರ ಕಾಳಗ' ಅಂತ ಇದೆ. ಅಜ್ಜಿಯೊಬ್ಬಳು ರಾಜನಿಗೆ ಬೆಂದ ಕಾಳು ಕೊಟ್ಟಿದ್ದಕ್ಕೆ ಬೆಂಗಳೂರಿಗೆ ಆ ಹೆಸರು ಬಂತು ಅನ್ನೋ ಬೆಂದಕಾಳೂರಿನ ಕಥೆಯಲ್ಲಿ ಬರುವ ರಾಜ ವೀರಬಲ್ಲಾಳ ಇದ್ದದ್ದು ಇದಾಗಿ ಸುಮಾರು ಮುನ್ನೂರು ವರ್ಷದ ಮೇಲೆ. "ಹಾಗಾದರೆ ಕಥೆ ಸುಳ್ಳಾ?" ಅಂತ ಮಕ್ಕಳೇ ಕೇಳುತ್ತಾರೆ. ಉತ್ತರ ಹೇಳಬೇಡಿ, ಸ್ವಲ್ಪ ಕಾಯಿರಿ.

ನಿಮ್ಮೂರಲ್ಲಿ ವೀರಗಲ್ಲು, ಅಂದರೆ ಕಾಳಗದಲ್ಲಿ ಸತ್ತ ವೀರನ ನೆನಪಿಗೆ ನೆಟ್ಟ ಕಲ್ಲು, ಇದ್ದರೆ ಇನ್ನೂ ಒಳ್ಳೇದು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ, ಚಂದ್ರ. "ಈ ಕಲ್ಲು ಯಾರು ನೆಡಿಸಿದರು? ಸೋತವರು ನೆಡಿಸಿದ್ದರೆ ಏನು ಕೆತ್ತುತ್ತಿದ್ದರು?" ಅಂತ ಕೇಳಿ. ನನ್ನ ತರಗತಿಯಲ್ಲಿ ಯಾವತ್ತೂ ಬಾಯಿ ಬಿಡದ ಹುಡುಗ ಎದ್ದು, "ಸತ್ತವನ ಹೆಂಡತಿ ಇದರಲ್ಲಿ ಎಲ್ಲೂ ಇಲ್ವಲ್ಲ ಸರ್" ಅಂದಿದ್ದ.

ಉಳಿದ ಭಾಗವನ್ನು ನೋಟ್ಸ್ ಕೊಟ್ಟು ಬೇಗ ಮುಗಿಸಿ, ಪರವಾಗಿಲ್ಲ. ಸಹೋದ್ಯೋಗಿಗಳ ಜೊತೆ ವಾದ ಮಾಡಬೇಡಿ. ಮಕ್ಕಳು ಬರೆದ ಉತ್ತರದ ಹಾಳೆಗಳನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಸುಮ್ನೆ ಇಟ್ಟುಬಿಡಿ. ನಮ್ಮಲ್ಲಿ ಕನ್ನಡ ಮೇಷ್ಟ್ರು ಅದನ್ನು ಓದಿಯೇ ಮೊದಲ ಸಲ ನನ್ನ ಹತ್ತಿರ ಬಂದು ಕೂತರು.